ಏಳರ ವ್ಯತ್ಯಾಸ



ದಿನಪತ್ರಿಕೆ ಮನೆಗೆ ಬಂದೊಡನೆ ತಲೆಬರಹಗಳನ್ನು ಬಿಟ್ಟು ನೇರವಾಗಿ ಪದಬಂಧದ ಪುಟಕ್ಕೆ ಹೋಗುವವರೊಬ್ಬರು ನಿಮ್ಮ ಮನೆಯಲ್ಲಿಯೂ ಇರಬಹುದು. ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಆಗಾಗ ಅಡುಗೆಮನೆಯ ಕಡೆಗೆ ತೂರಿಬರುವ ಪ್ರಶ್ನೆ: "ನದಿಯ ಇನ್ನೊಂದು ಹೆಸರು, ಮೂರಕ್ಷರ, ಯಾವುದು?" ಇಂತಹ ಹವ್ಯಾಸ ನನಗೂ ಉಂಟು. ಗುರುಗಳಾದವರಿಗೆ ಇದಕ್ಕೆಲ್ಲ ಸಮಯವೆಲ್ಲಿಂದ ಬರುತ್ತದೆ ಎಂದು ಕೇಳಬೇಡಿ. ರಾತ್ರಿಯ ಊಟವಾದ ಮೇಲೆ ಅರ್ಧ ಗಂಟೆ ನನ್ನದು. ಆ ಅರ್ಧ ಗಂಟೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು, ಅದನ್ನು ಏಳು ಎಂಬ ಒಂದು ಸಣ್ಣ ಸಂಖ್ಯೆ ಹಿಡಿದುಕೊಟ್ಟ ಬಗೆಯನ್ನು ಈ ತಿಂಗಳು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ನಾನು ಹೇಳುತ್ತಿರುವುದು ಸಾಮಾನ್ಯ ಪದಬಂಧವಲ್ಲ. ಇಂಗ್ಲಿಷಿನ ಗೂಢ ಪದಬಂಧ. ಪದಬಂಧದ ಮೊದಲ ರೂಪ ಪ್ರಕಟವಾದದ್ದು 1913ರ ಡಿಸೆಂಬರ್ 21ರಂದು, ಅಮೆರಿಕೆಯ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ. ರಚಿಸಿದವರು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದ ಆರ್ಥರ್ ವಿನ್. ಅಲ್ಲಿ ಕೇಳುತ್ತಿದ್ದುದು ಪದದ ಅರ್ಥವನ್ನಷ್ಟೇ. ಈ ಆಟ ಅಟ್ಲಾಂಟಿಕ್ ಸಾಗರವನ್ನು ದಾಟಿ ಇಂಗ್ಲೆಂಡಿಗೆ ಬಂದ ಮೇಲೆ ಅದರ ಸ್ವಭಾವವೇ ಬದಲಾಯಿತು. ಸುಳಿವಿನ ಒಂದು ತುದಿಯಲ್ಲಿ ಪದದ ನೇರ ಅರ್ಥ. ಉಳಿದ ಭಾಗದಲ್ಲಿ ಆ ಪದದ ಅಕ್ಷರಗಳನ್ನು ಕಟ್ಟುವ ವಿಧಾನ. ಎರಡೂ ಸೇರಿ ಮೇಲುನೋಟಕ್ಕೆ ಬೇರೇನನ್ನೋ ಹೇಳುವ ಒಂದು ಸಾಧಾರಣ ವಾಕ್ಯ. ನಮ್ಮ ಹಳ್ಳಿಗಳ ಒಗಟಿನ ಹಾಗೆಯೇ. ಒಗಟು ಹೇಳುವ ಅಜ್ಜಿ ಸುಳ್ಳು ಹೇಳುವುದಿಲ್ಲ, ಆದರೆ ಸುಲಭವಾಗಿ ನಿಜವನ್ನೂ ಬಿಟ್ಟುಕೊಡುವುದಿಲ್ಲ.

ಈ ಕಲೆಯ ಆರಂಭದ ದೊಡ್ಡ ಹೆಸರುಗಳನ್ನು ಕೇಳಿದರೆ ಕಥೋಲಿಕ ಗುರುವಾದ ನಾನು ತಲೆ ತಗ್ಗಿಸಬೇಕಾಗುತ್ತದೆ. 1920ರ ದಶಕದಲ್ಲಿ ಗೂಢ ಪದಬಂಧವನ್ನು ಬೆಳೆಸಿದ ಎಡ್ವರ್ಡ್ ಪಾವಿಸ್ ಮ್ಯಾದರ್ಸ್ ಅವರು ತಮಗೆ ಇಟ್ಟುಕೊಂಡ ಗುಪ್ತನಾಮ 'ಟಾರ್ಕೆಮಾಡ'. ಅವರ ನಂತರ 'ಅಬ್ಸರ್ವರ್' ಪತ್ರಿಕೆಗೆ ಬಂದವರು 'ಝಿಮೆನೀಸ್'. 1972ರಲ್ಲಿ ಬಂದವರು 'ಎಝೆಡ್'. ಇದು 'ಡೆಝ' ಎಂಬ ಹೆಸರನ್ನು ಹಿಂದುಮುಂದಾಗಿ ಬರೆದದ್ದು. ಮೂವರೂ ಹೆಸರು ಎರವಲು ಪಡೆದದ್ದು ಸ್ಪೇನಿನ ಧರ್ಮವಿಚಾರಣೆಯ ಮುಖ್ಯಸ್ಥರಿಂದ! ಬಿಡಿಸುವವರನ್ನು ಹಿಂಸಿಸುತ್ತೇವೆ ಎಂಬ ಹಾಸ್ಯ ಅದರಲ್ಲಿದೆ. ಆದರೆ ಧರ್ಮವಿಚಾರಣೆಗೂ ಈ ಆಟಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ಪ್ರಶ್ನೆ ಕೇಳುವವನು ತಾನೇ ಸೋಲಬೇಕೆಂದು ಬಯಸುತ್ತಾನೆ. ಯಾರಿಗೂ ಬಿಡಿಸಲಾಗದ ಪದಬಂಧವನ್ನು ಕಟ್ಟಿದವನನ್ನು ಜಾಣನೆಂದು ಯಾರೂ ಕರೆಯುವುದಿಲ್ಲ.

ಈ ಮಾತನ್ನು ನನಗೆ ಮೊದಲು ಹೇಳಿದವರು ಗುರುಮಠದಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ಒಬ್ಬ ಸ್ವಾಮಿಗಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಇಷ್ಟವಾಗದು. ಮೂಲತಃ ಗಣಿತ ಓದಿದವರು. ಎಂಬತ್ತರ ದಶಕದ ಕೊನೆಯ ವರ್ಷಗಳು. ಗುರುಮಠದ ವಾಚನಾಲಯಕ್ಕೆ 'ದಿ ಹಿಂದೂ' ಪತ್ರಿಕೆ ಬರುತ್ತಿತ್ತು. ಅದರ ಗೂಢ ಪದಬಂಧವನ್ನು ಸ್ವಾಮಿಗಳು ಹಾಳೆಯೊಂದಕ್ಕೆ ನಕಲು ಮಾಡಿಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ಮಾವಿನ ಮರದ ಕೆಳಗೆ ಕುಳಿತಿರುತ್ತಿದ್ದರು. ಹಳ್ಳಿಯಿಂದ ಬಂದ ನನ್ನ ಇಂಗ್ಲಿಷ್ ಆಗ ಕುಂಟುತ್ತಿತ್ತು. "ಬಾ, ಭಾಷೆಯನ್ನು ಹಿಂಬಾಗಿಲಿನಿಂದ ಕಲಿಯೋಣ" ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಆಫ್ರಿಟ್ ಎಂಬ ಗುಪ್ತನಾಮದ ಎ. ಎಫ್. ರಿಚಿ ಎಂಬ ಆಂಗ್ಲಿಕನ್ ಗುರುಗಳು 1949ರಲ್ಲಿ ಈ ಆಟಕ್ಕೊಂದು ನೀತಿಯನ್ನು ರೂಪಿಸಿದರೆಂದು ಅವರಿಂದಲೇ ತಿಳಿದೆ. ಸುಳಿವು ಓದುಗನನ್ನು ದಾರಿ ತಪ್ಪಿಸಬಹುದು, ಆದರೆ ಅದರ ಪ್ರತಿ ಪದವನ್ನೂ ಅಕ್ಷರಶಃ ಓದಿದಾಗ ನಿಜವನ್ನೇ ಹೇಳಿರಬೇಕು ಎಂಬುದು ಅದರ ಸಾರ. "ಆದ್ದರಿಂದ ಉತ್ತರ ಸಿಗದಿದ್ದಾಗ ಮೊದಲು ಅನುಮಾನಿಸಬೇಕಾದದ್ದು ರಚಿಸಿದವನನ್ನಲ್ಲ, ನಿನ್ನ ಓದನ್ನು" ಎನ್ನುತ್ತಿದ್ದರು ಸ್ವಾಮಿಗಳು.

ಸಂಖ್ಯೆಗಳ ವಿಷಯದಲ್ಲಿಯೂ ಅವರಿಗೆ ಖಚಿತ ನಿಲುವಿತ್ತು. ಸಂತ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಶಿಷ್ಯರ ಬಲೆಗೆ ಬಿದ್ದ ಮೀನುಗಳು 153. ಒಂದರಿಂದ ಹದಿನೇಳರವರೆಗೆ ಎಲ್ಲ ಸಂಖ್ಯೆಗಳನ್ನು ಕೂಡಿದರೆ 153 ಬರುತ್ತದೆಂದು ಸಂತ ಅಗಸ್ಟೀನರು ತೋರಿಸಿಕೊಟ್ಟರು. ಅದರ ಮೂರು ಅಂಕಿಗಳ ಘನಗಳನ್ನು, ಅಂದರೆ 1, 125, 27 ಇವುಗಳನ್ನು ಕೂಡಿದರೂ ಮತ್ತೆ 153. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ನಮ್ಮ ಬೆರಗನ್ನು ನೋಡಿ ನಕ್ಕ ಸ್ವಾಮಿಗಳು, ಕೂಡಲೇ ಅದನ್ನು ಒರೆಸಿಬಿಟ್ಟರು. "ಸಂಖ್ಯೆಯಿಂದ ಭವಿಷ್ಯ ಹೇಳಿಸಬೇಡಿ. ಸಂಖ್ಯೆಯ ಕೆಲಸ ಬೇರೆ. ನಾವು ನಮಗೇ ಹೇಳಿಕೊಳ್ಳುವ ಸುಳ್ಳನ್ನು ಅದು ಹಿಡಿಯುತ್ತದೆ." ಆ ಮಾತು ನನಗೆ ಅಂದು ಪೂರ್ತಿ ಅರ್ಥವಾಗಲಿಲ್ಲ.

ಗುರುದೀಕ್ಷೆಯಾಗಿ ನಾನು ಒಂದೊಂದೇ ಧರ್ಮಕೇಂದ್ರಕ್ಕೆ ಹೋದೆ. ನಮ್ಮ ನಡುವೆ ಪತ್ರಗಳು ಓಡಾಡುತ್ತಿದ್ದವು. 2013ರಲ್ಲಿ ಅವರು ಒಂದು ಸುದ್ದಿಯ ತುಣುಕನ್ನು ಕತ್ತರಿಸಿ ಕಳುಹಿಸಿದ್ದರು. ಇಂಗ್ಲೆಂಡಿನ 'ಗಾರ್ಡಿಯನ್' ಪತ್ರಿಕೆಗೆ ಐವತ್ತಕ್ಕೂ ಹೆಚ್ಚು ವರ್ಷ ಪದಬಂಧ ರಚಿಸಿದ ಜಾನ್ ಗ್ರಹಾಂ ಎಂಬವರ ಸುದ್ದಿ ಅದು. ಅವರೂ ಆಂಗ್ಲಿಕನ್ ಗುರುಗಳು, ಗುಪ್ತನಾಮ 'ಅರೌಕೇರಿಯ'. 'ಮಂಕಿ ಪಜಲ್' ಎಂದು ಕರೆಯಲಾಗುವ ಮರದ ಸಸ್ಯಶಾಸ್ತ್ರೀಯ ಹೆಸರು ಅದು. ಆ ವರ್ಷದ ಜನವರಿ 11ರ ಪದಬಂಧದ ಮೇಲೆ ಅವರದೊಂದು ಪುಟ್ಟ ಸೂಚನೆಯಿತ್ತು. ಮುಖ್ಯ ಪದಗಳು ಇರಬೇಕಾದ ಜಾಗದಲ್ಲಿ ಸುಳಿವುಗಳ ಸಂಖ್ಯೆಗಳಷ್ಟೇ ಇದ್ದವು. ಬಿಡಿಸುತ್ತ ಹೋದವರಿಗೆ ಆ ಸಂಖ್ಯೆಗಳ ಜಾಗದಲ್ಲಿ ಪದಗಳು ಮೂಡಿದವು: ರಚನಕಾರರಿಗೆ ಅನ್ನನಾಳದ ಕ್ಯಾನ್ಸರ್, ನೋವು ಶಮನದ ಆರೈಕೆ ನಡೆಯುತ್ತಿದೆ. ತೊಂಬತ್ತೊಂದು ವರ್ಷದ ಆ ವೃದ್ಧರು ತಮ್ಮ ಮರಣದ ಸುದ್ದಿಯನ್ನು, ಅದನ್ನು ಹುಡುಕುವ ಶ್ರಮ ಪಟ್ಟವರ ಕೈಗೆ ಮೊದಲು ಕೊಟ್ಟಿದ್ದರು. ಅದೇ ವರ್ಷ ನವೆಂಬರ್ 26ರಂದು ಅವರು ತೀರಿಕೊಂಡರು. ತುಣುಕಿನ ಅಂಚಿನಲ್ಲಿ ನಮ್ಮ ಸ್ವಾಮಿಗಳು ಬರೆದಿದ್ದರು: "ಅಡಗಿಸುವುದು ಸಿಗಲಿ ಎಂದೇ."

ವರ್ಷಗಳು ಕಳೆದವು. ಸ್ವಾಮಿಗಳು ಬೆಂಗಳೂರಿನ ನಿವೃತ್ತ ಗುರುಗಳ ನಿವಾಸವೊಂದಕ್ಕೆ ಹೋದರು. ಎಂಬತ್ತು ದಾಟಿದ ಮೇಲೆ ನೆನಪು ಮಸುಕಾಗತೊಡಗಿತು. ನಾನು ನೋಡಲು ಹೋದ ಒಂದು ಸಂಜೆ, ಒಂದೇ ಗಂಟೆಯಲ್ಲಿ ಒಂದೇ ಕಥೆಯನ್ನು ಮೂರು ಸಲ ಹೇಳಿದರು. ಅವರ ತಾಯಿ ಓದುಬರಹ ಬಾರದವರು. ಹೋಟೆಲಿನವನಿಗೆ ಹಾಕುವ ಹಾಲಿನ ಲೆಕ್ಕವನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೆರೆಗಳಲ್ಲಿ ಇಡುತ್ತಿದ್ದರು. ಒಂದು ತಿಂಗಳು ಹೋಟೆಲಿನವನ ಲೆಕ್ಕಕ್ಕೂ ತಾಯಿಯ ಲೆಕ್ಕಕ್ಕೂ ವ್ಯತ್ಯಾಸ ಬಂತು. ಮೊದಲ ಸಲ ನಗುತ್ತ ಕೇಳಿದೆ. ಎರಡನೆಯ ಸಲ ತಲೆಯಾಡಿಸಿದೆ. ಮೂರನೆಯ ಸಲ ಗೋಡೆಯ ಗಡಿಯಾರವನ್ನು ನೋಡಿದೆ. ಹೊರಗೆ ಬರುವಾಗ ಮನಸ್ಸಿನಲ್ಲಿಯೇ ಒಂದು ತೀರ್ಮಾನ ಮಾಡಿಕೊಂಡೆ: ಇಂತಹ ಸ್ಥಿತಿಯಲ್ಲಿ ಅವರನ್ನು ಸುಮ್ಮನೆ ಬಿಡುವುದೇ ಗೌರವ. ಆಮೇಲೆ ಹಬ್ಬಕ್ಕೊಂದು ಶುಭಾಶಯ ಪತ್ರ ಕಳುಹಿಸಿದೆ. ಕ್ರಿಸ್ಮಸ್‌ಗೆ ಕೇಕ್ ಕಳುಹಿಸಿದೆ. ನಾನು ಮಾತ್ರ ಹೋಗಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು.

ಕಳೆದ ವರ್ಷ ಮಳೆಗಾಲದಲ್ಲಿ ನನ್ನ ಹೆಸರಿಗೆ ಒಂದು ಕಂದು ಲಕೋಟೆ ಬಂತು. ಒಳಗೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ. ಅದರ ಹಿಂಬದಿಯಲ್ಲಿ ಸ್ಕೇಲು ಹಿಡಿದು ಎಳೆದ ಗೆರೆಗಳು, ನಡುಗುವ ಕೈಬರಹ, ಹದಿಮೂರು ಸುಳಿವುಗಳು. ತಲೆಬರಹದ ಜಾಗದಲ್ಲಿ 'ಲಿಸನರ್ ಮಾದರಿ' ಎಂದಷ್ಟೇ ಇತ್ತು.

'ದಿ ಲಿಸನರ್' ಎಂಬುದು ಬಿಬಿಸಿ ಸಂಸ್ಥೆ ನಡೆಸುತ್ತಿದ್ದ ವಾರಪತ್ರಿಕೆ. ಅದರಲ್ಲಿ 1930ರಲ್ಲಿ ಆರಂಭವಾದ ಪದಬಂಧ ಬಹಳ ಕಠಿಣವೆಂದು ಹೆಸರಾಯಿತು. ಪತ್ರಿಕೆ 1991ರಲ್ಲಿ ನಿಂತುಹೋದರೂ ಪದಬಂಧ ಸಾಯಲಿಲ್ಲ. ಲಂಡನ್ನಿನ 'ದಿ ಟೈಮ್ಸ್' ಅದನ್ನು ಸಾಕಿಕೊಂಡಿತು. ಆ ಪದಬಂಧಗಳಲ್ಲಿ ಸಾಮಾನ್ಯವಾಗಿ ಒಂದು ಗುಪ್ತ ವಸ್ತುವಿರುತ್ತದೆ. ಎಲ್ಲ ಉತ್ತರಗಳನ್ನು ತುಂಬಿದ ಮೇಲೆ ಅದನ್ನು ಪತ್ತೆಹಚ್ಚಬೇಕು. ವರ್ಷಕ್ಕೆ ನಾಲ್ಕು ಬಾರಿ ಅಕ್ಷರಗಳ ಬದಲು ಬರಿಯ ಸಂಖ್ಯೆಗಳ ಪದಬಂಧವೇ ಬರುತ್ತದೆ. ಸ್ವಾಮಿಗಳು ಎರಡನ್ನೂ ಬೆರೆಸಿದ್ದರು. ಐದು ಸುಳಿವುಗಳ ಪಕ್ಕದಲ್ಲಿ ನಕ್ಷತ್ರದ ಗುರುತು. ಅವೇ ವಸ್ತುವಿಗೆ ಸೇರಿದವು. ಹಾಳೆಯ ಕೆಳಗೆ ಒಂದು ಸೂಚನೆ: ನಕ್ಷತ್ರವಿರುವ ಪ್ರತಿ ಉತ್ತರದಲ್ಲಿ, ಇಂಗ್ಲಿಷ್ ವರ್ಣಮಾಲೆಯಲ್ಲಿ ಅಕ್ಷರದ ಕ್ರಮಸಂಖ್ಯೆಯನ್ನು ಪದದಲ್ಲಿ ಅದು ನಿಂತ ಸ್ಥಾನದಿಂದ ಗುಣಿಸು, ಐದು ಪದಗಳನ್ನೂ ಹೀಗೆ ಲೆಕ್ಕ ಹಾಕಿ ಒಟ್ಟುಗೂಡಿಸು, ಸಾವಿರದೊಳಗೆ ಯಾರಿಗೂ ಸಮನಾಗಿ ಹಂಚಲಾಗದ ಕೊನೆಯ ಸಂಖ್ಯೆ ಬರಬೇಕು.

ನಾಲ್ಕು ರಾತ್ರಿಗಳು ಆ ಹಾಳೆಯೊಡನೆ ಕಳೆದವು. ಒಂದು ನಕ್ಷತ್ರದ ಸುಳಿವಿನ ತಾತ್ಪರ್ಯ ಹೀಗಿತ್ತು: 'ಮೆಲುದನಿಯ ಹಿಂದೆ ಬಂದ ಪ್ರಭು ಒಂದು ರತ್ನ'. ಪಾಶ್ಚಾತ್ಯ ಸಂಗೀತದಲ್ಲಿ ಮೆಲುದನಿಗೆ 'ಪಿ' ಎಂಬ ಅಕ್ಷರ ಬರೆಯುತ್ತಾರೆ. ಇಂಗ್ಲೆಂಡಿನ ಒಂದು ದರ್ಜೆಯ ಪ್ರಭುವಿಗೆ 'ಅರ್ಲ್' ಎನ್ನುತ್ತಾರೆ. ಎರಡೂ ಕೂಡಿದರೆ 'ಪರ್ಲ್', ಅಂದರೆ ಮುತ್ತು. 'ಅವನೂ ಕಲೆಯೂ ಕೂಡಿದ ಕೇಂದ್ರ' ಎಂದರೆ 'ಹಿ' ಮತ್ತು 'ಆರ್ಟ್' ಸೇರಿ 'ಹಾರ್ಟ್', ಹೃದಯ. ಎಡಕ್ಕೆ 'ಎಲ್', ಸಂಪಾದಿಸುವುದಕ್ಕೆ 'ಅರ್ನ್'. ಸೇರಿದರೆ 'ಲರ್ನ್', ಕಲಿ. ನಾಲ್ಕನೆಯದು ನನಗೆ ಬಹಳ ಮೆಚ್ಚುಗೆಯಾಯಿತು. ಅದರ ಸುಳಿವನ್ನು ಕನ್ನಡದಲ್ಲಿ ಒಂದೇ ಪದದಿಂದ ಹೇಳಬಹುದು: 'ಹರಿಯುತ್ತದೆ'. ಬಟ್ಟೆಯೂ ಹರಿಯುತ್ತದೆ, ಕಣ್ಣೀರೂ ಹರಿಯುತ್ತದೆ. ಇಂಗ್ಲಿಷಿನಲ್ಲಿಯೂ ಹಾಗೆಯೇ, ಹರಿಯುವ ಕ್ರಿಯೆಗೂ ಕಣ್ಣೀರಿಗೂ ಕಾಗುಣಿತ ಒಂದೇ, ಉಚ್ಚಾರ ಬೇರೆ: 'ಟೇರ್ಸ್', 'ಟಿಯರ್ಸ್'.

ಐದನೆಯದು ಆರಕ್ಷರದ ಪದ. 'ಚೆದುರಿದ ಟಿನ್ಸೆಲ್: ಮತ್ತೊಬ್ಬರು ಮಾತನಾಡುವಾಗ ನೀನು ಮಾಡಬೇಕಾದದ್ದು.' ಟಿನ್ಸೆಲ್ ಎಂದರೆ ಕ್ರಿಸ್ಮಸ್ ಸಮಯದಲ್ಲಿ ನಾವು ಗೋದಲಿಗೆ ಸುತ್ತುವ ಮಿನುಗುವ ಎಳೆ. ಅದರ ಆರು ಅಕ್ಷರಗಳನ್ನು ಚೆದುರಿಸಿ ಮರುಜೋಡಿಸಬೇಕು. ನನಗೆ ಕ್ಷಣಮಾತ್ರದಲ್ಲಿ ಹೊಳೆಯಿತು: 'ಸೈಲೆಂಟ್'. ಮತ್ತೊಬ್ಬರು ಮಾತನಾಡುವಾಗ ಮೌನವಾಗಿರಬೇಕು, ಸರಿಯಷ್ಟೆ? ಆ ಪದಕ್ಕೆ ಎರಡನೆಯ ಮನೆಯಲ್ಲಿ ಮಾತ್ರ ಒಂದು ಅಡ್ಡಪದ ತಾಗುತ್ತಿತ್ತು. ಅಲ್ಲಿದ್ದ 'ಐ' ಅಕ್ಷರ ಹೊಂದಿಕೊಂಡಿತು. ಶಾಯಿಯಿಂದಲೇ ಬರೆದೆ.

ಹೃದಯ, ಮುತ್ತು, ಕಲಿಕೆ, ಕಣ್ಣೀರು, ಮೌನ. ಗುಪ್ತ ವಸ್ತು ಸಿಕ್ಕಿತೆಂದುಕೊಂಡೆ. ಇದು ಒಂದು ಧ್ಯಾನಕೂಟದ ಪಾಠಕ್ರಮದಂತೆಯೇ ಇದೆಯಲ್ಲ! ಹೃದಯದಲ್ಲಿ ಅಡಗಿದ ಮುತ್ತು, ಅದನ್ನು ಕಣ್ಣೀರಿನಿಂದ ಕಲಿಯಬೇಕು, ಕೊನೆಯಲ್ಲಿ ಮೌನಕ್ಕೆ ಸೇರಬೇಕು. ನಾಚಿಕೆಯಿಂದಲೇ ಹೇಳುತ್ತೇನೆ, ಆ ಭಾನುವಾರದ ಪ್ರಬೋಧನೆಯಲ್ಲಿ ಈ ಐದು ಪದಗಳನ್ನು ಬಳಸಿಕೊಂಡೆ. ಜನ ಮೆಚ್ಚಿದರು.

ಲೆಕ್ಕ ಉಳಿದಿತ್ತು. ಸಮನಾಗಿ ಹಂಚಲಾಗದ ಸಂಖ್ಯೆಯೆಂದರೆ ಅವಿಭಾಜ್ಯ ಸಂಖ್ಯೆ. 999 ಮೂರರಿಂದ ಭಾಗವಾಗುತ್ತದೆ, 998 ಸಮಸಂಖ್ಯೆ, 997 ಯಾವುದರಿಂದಲೂ ಭಾಗವಾಗುವುದಿಲ್ಲ. ಆದ್ದರಿಂದ ಒಟ್ಟು 997 ಬರಬೇಕು. 'ಹಾರ್ಟ್' 193, 'ಪರ್ಲ್' 161, 'ಲರ್ನ್' 167, 'ಟಿಯರ್ಸ್' 200, 'ಸೈಲೆಂಟ್' 283. ಕೂಡಿದೆ, 1004. ಮತ್ತೆ ಕೂಡಿದೆ, 1004. ಏಳು ಹೆಚ್ಚು.

ಓದುಗರೇ, ಆಗ ನನ್ನ ಮನಸ್ಸಿಗೆ ಬಂದದ್ದೇನೆಂದು ನೀವು ಊಹಿಸಬಲ್ಲಿರಿ. 'ಪಾಪ, ಸ್ವಾಮಿಗಳಿಗೆ ಈಗ ಕೂಡುವ ಲೆಕ್ಕವೂ ತಪ್ಪುತ್ತಿದೆ.' ಒಂದೇ ಒಂದು ಅಡ್ಡಪದ ತಾಗುವಂತೆ ಆರಕ್ಷರದ ಪದವನ್ನು ಇಟ್ಟದ್ದು ಕೂಡ ವಯಸ್ಸಿನ ದೋಷವಾಗಿ ಕಂಡಿತು. ಒಳ್ಳೆಯ ಪದಬಂಧದಲ್ಲಿ ಸುಮಾರು ಅರ್ಧದಷ್ಟು ಅಕ್ಷರಗಳಾದರೂ ಅಡ್ಡಪದಗಳಿಂದ ಖಚಿತವಾಗಬೇಕೆಂದು ಕಲಿಸಿದವರು ಅವರೇ ಅಲ್ಲವೇ? ಉತ್ತರ ತಾಳೆಯಾಗದಿದ್ದಾಗ ಮೊದಲು ನಿನ್ನ ಓದನ್ನು ಅನುಮಾನಿಸು ಎಂದು ಕಲಿಸಿದವರೂ ಅವರೇ. ಅದು ಮಾತ್ರ ನೆನಪಾಗಲಿಲ್ಲ.

ಕನಿಕರ ನನ್ನನ್ನು ಬೆಂಗಳೂರಿನ ಬಸ್ಸು ಹತ್ತಿಸಿತು. ನಿವಾಸದ ಬಾಗಿಲಿನಲ್ಲಿ ಆರೈಕೆ ನೋಡಿಕೊಳ್ಳುವ ಸಿಸ್ಟರ್ ಸಿಕ್ಕರು. "ಬೆಳಗಿನ ತಿಂಡಿ ತಿಂದದ್ದು ಹತ್ತು ಗಂಟೆಗೆ ಮರೆತಿರುತ್ತಾರೆ ಫಾದರ್" ಎಂದರು. "ಹೌದು, ಲೆಕ್ಕವೂ ತಪ್ಪುತ್ತಿದೆ" ಎಂದು ನಾನೂ ದನಿಗೂಡಿಸಿದೆ.

ಸ್ವಾಮಿಗಳು ಕಿಟಕಿಯ ಬಳಿ ಕುಳಿತಿದ್ದರು. ನನ್ನನ್ನು ನೋಡಿ ಸಂತೋಷಪಟ್ಟರು. ಆದರೆ ಕರೆದದ್ದು ನನ್ನ ತರಗತಿಯ ಬೇರೊಬ್ಬನ ಹೆಸರಿನಿಂದ. ನಾನು ತಿದ್ದಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಾಳೆಯನ್ನು ಮಡಿಲಲ್ಲಿಟ್ಟು, ಮಗುವಿಗೆ ಹೇಳುವ ದನಿಯಲ್ಲಿ, "ಬಹಳ ಚೆನ್ನಾಗಿದೆ ಸ್ವಾಮಿ. ಒಟ್ಟು ಮಾತ್ರ ಸ್ವಲ್ಪ ಹೆಚ್ಚು ಬರುತ್ತಿದೆ" ಎಂದೆ.

"ಎಷ್ಟು ಹೆಚ್ಚು?"

"ಏಳು."

ಅವರು ಹಾಳೆಯನ್ನು ನೋಡಲೇ ಇಲ್ಲ. ಕಿಟಕಿಯ ಹೊರಗೆ ನೋಡುತ್ತ ಮೆಲ್ಲನೆ ನಕ್ಕರು. "ಏಳೇ? ಹಾಗಾದರೆ ನೀನು ಸೈಲೆಂಟ್ ಆಗಿಬಿಟ್ಟೆ. ನಾನು ಕೇಳಿದ್ದು ಲಿಸನ್."

ನನ್ನ ಮುಖ ಬಿಸಿಯಾಯಿತು. ಟಿನ್ಸೆಲ್‌ನ ಅಕ್ಷರಗಳನ್ನೇ ಮರುಜೋಡಿಸಿದರೆ 'ಲಿಸನ್' ಕೂಡ ಬರುತ್ತದೆ. ಬರೆಯುವಾಗ ಅದರ ನಡುವೆ ಉಚ್ಚರಿಸದ ಒಂದು 'ಟಿ' ಇರುತ್ತದೆ. ಎರಡೂ ಪದಗಳಲ್ಲಿ ಎರಡನೆಯ ಅಕ್ಷರ 'ಐ'. ಆದ್ದರಿಂದ ಅಡ್ಡಪದ ನನ್ನನ್ನು ಎಚ್ಚರಿಸಲಿಲ್ಲ. ಆದರೆ ಸುಳಿವು ಎಚ್ಚರಿಸಿತ್ತು: 'ನೀನು ಮಾಡಬೇಕಾದದ್ದು' ಎಂದಿತ್ತು. "ಸುಮ್ಮನಿರುವುದು ಮಾಡುವುದಲ್ಲಪ್ಪ, ಅದು ಬರೀ ಇರುವುದು. ಕೇಳುವುದು ಮಾಡುವ ಕೆಲಸ" ಎಂದರು ಸ್ವಾಮಿಗಳು. ವಸ್ತುವೂ ಎಚ್ಚರಿಸಿತ್ತು. ಹಾರ್ಟ್, ಪರ್ಲ್, ಲರ್ನ್, ಟಿಯರ್ಸ್ ಈ ನಾಲ್ಕನ್ನೂ ಇಂಗ್ಲಿಷಿನಲ್ಲಿ ಬರೆದು ನೋಡಿ: ನಾಲ್ಕರೊಳಗೂ 'ಇ, ಎ, ಆರ್' ಎಂಬ ಮೂರು ಅಕ್ಷರಗಳು ಒಟ್ಟಿಗೆ ನಿಂತಿವೆ. ಅಂದರೆ 'ಇಯರ್', ಕಿವಿ. ಹೃದಯದಲ್ಲೊಂದು ಕಿವಿ, ಕಲಿಕೆಯಲ್ಲೊಂದು ಕಿವಿ, ಕಣ್ಣೀರಿನಲ್ಲೊಂದು ಕಿವಿ. ನಾನು ಅವುಗಳಿಂದ ಪ್ರಬೋಧನೆ ಕಟ್ಟಿದೆ. ಅವುಗಳೊಳಗಿದ್ದ ಕಿವಿಯನ್ನು ಕಾಣಲಿಲ್ಲ. ತಲೆಬರಹವೂ ಎಚ್ಚರಿಸಿತ್ತು. 'ಲಿಸನರ್' ಎಂದರೆ ಆಲಿಸುವವನು. ಎಲ್ಲವನ್ನೂ ದಾಟಿಬಂದ ನನ್ನನ್ನು ಕೊನೆಗೆ ತಡೆದು ನಿಲ್ಲಿಸಿದ್ದು ಏಳು.

ಅವರು ಅಕ್ಷರಗಳ ಬೆಲೆಯನ್ನು ಸುಮ್ಮನೆ ಕೂಡಿಸದೆ ಸ್ಥಾನದಿಂದ ಗುಣಿಸಲು ಹೇಳಿದ್ದೇಕೆಂದು ಆಗ ತಿಳಿಯಿತು. 'ಲಿಸನ್' ಪದದ ಅಕ್ಷರಗಳು 12, 9, 19, 20, 5, 14, ಕೂಡಿದರೆ 79. 'ಸೈಲೆಂಟ್' ಪದದಲ್ಲಿಯೂ ಅವೇ ಅಕ್ಷರಗಳು. ಮೊತ್ತ ಅದೇ 79. ಬರಿಯ ಕೂಡಿಕೆಗೆ ಇವೆರಡರ ಅಂತರ ಕಾಣುವುದೇ ಇಲ್ಲ. ಆದರೆ ಸ್ಥಾನದಿಂದ ಗುಣಿಸಿದಾಗ ಮೊದಲನೆಯದು 12, 18, 57, 80, 25, 84, ಒಟ್ಟು 276. ಎರಡನೆಯದು 19, 18, 36, 20, 70, 120, ಒಟ್ಟು 283. ಯಾರು ಬಂದಿದ್ದಾರೆ ಎಂಬುದಷ್ಟೇ ಅಲ್ಲ, ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನೂ ಈ ಲೆಕ್ಕ ಕೇಳುತ್ತದೆ.

ಇದೇ ತತ್ವ ನಿಮ್ಮ ಮನೆಯಲ್ಲಿಯೂ ಕೆಲಸ ಮಾಡುತ್ತಿದೆ. 2006ರವರೆಗೆ ಪುಸ್ತಕಗಳ ಬೆನ್ನಿಗೆ ಅಚ್ಚಾಗುತ್ತಿದ್ದ ಹತ್ತು ಅಂಕಿಗಳ ಐಎಸ್‌ಬಿಎನ್ ಸಂಖ್ಯೆಯಲ್ಲಿ ಕೊನೆಯದು ಕಾವಲಿನ ಅಂಕಿ. ಪ್ರತಿ ಅಂಕಿಯನ್ನು ಅದರ ಸ್ಥಾನಕ್ಕೆ ತಕ್ಕಂತೆ ಗುಣಿಸಿ ಅದನ್ನು ಪಡೆಯುತ್ತಿದ್ದರು. ಎರಡು ಅಂಕಿ ಅದಲುಬದಲಾದರೆ ಲೆಕ್ಕ ಕೂಡಲೇ ಕೆಡುತ್ತಿತ್ತು. ನಮ್ಮ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯೂ ಅಂತಹ ಕಾವಲುಗಾರನೇ. ನೆದರ್ಲೆಂಡ್ಸ್ ದೇಶದ ವೆರ್ಹೂಫ್ ಎಂಬ ಗಣಿತಜ್ಞರು 1969ರಲ್ಲಿ ಪ್ರಕಟಿಸಿದ ವಿಧಾನವನ್ನು ಅಲ್ಲಿ ಬಳಸಲಾಗಿದೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿಯುತ್ತದೆ. ಬರೆಯುವವನು ತಪ್ಪುತ್ತಾನೆಂದು ಮೊದಲೇ ಒಪ್ಪಿಕೊಂಡು ಕಟ್ಟಿದ ಏರ್ಪಾಡು ಅದು. ಸ್ವಾಮಿಗಳೂ ನಾನು ಎಲ್ಲಿ ತಪ್ಪುತ್ತೇನೆಂದು ಮೊದಲೇ ಬಲ್ಲವರಾಗಿದ್ದರು. ನನ್ನ ಹೆಸರು ಮರೆತಿದ್ದರೂ ನನ್ನ ತಪ್ಪಿನ ಬೆಲೆ ಅವರಿಗೆ ಬಾಯಿಪಾಠವಾಗಿತ್ತು.

ಆ ಮಧ್ಯಾಹ್ನ ಅವರು ತಾಯಿಯ ಹಾಲಿನ ಲೆಕ್ಕದ ಕಥೆಯನ್ನು ಮತ್ತೆ ಆರಂಭಿಸಿದರು. ನಾನು ಗಡಿಯಾರಕ್ಕೆ ಬೆನ್ನು ಮಾಡಿ ಕುಳಿತೆ. ಇದ್ದಿಲಿನ ಗೆರೆಗಳು ಬಂದವು, ಹೋಟೆಲಿನವನ ಲೆಕ್ಕ ಬಂತು, ವ್ಯತ್ಯಾಸವೂ ಬಂತು. ಹೋಟೆಲಿನವನು ಮೋಸಗಾರನೆಂದೂ, ಓದುಬಾರದ ತಾಯಿ ಅವನನ್ನು ಹಿಡಿದರೆಂದೂ ನಾನು ಎರಡು ವರ್ಷದ ಹಿಂದೆಯೇ ನನ್ನಷ್ಟಕ್ಕೆ ಮುಗಿಸಿಬಿಟ್ಟಿದ್ದೆ. ಕಥೆ ಹಾಗಿರಲಿಲ್ಲ. ಒಂದು ದಿನ ಮಗನಿಗೆ ವಿಪರೀತ ಜ್ವರ. ತಾಯಿ ಅಂದು ಹಾಲು ಹಾಕಲು ಹೋಗಿರಲಿಲ್ಲ. ಆದರೆ ಸಂಜೆ ಅಭ್ಯಾಸಬಲದಿಂದ ಗೋಡೆಯ ಮೇಲೆ ಗೆರೆ ಎಳೆದಿದ್ದರು. ತಿಂಗಳ ಕೊನೆಯಲ್ಲಿ ಹೋಟೆಲಿನವನು ವಾದ ಮಾಡದೆ ಹಣ ಕೊಟ್ಟುಬಿಟ್ಟ. ಮನೆಗೆ ಬಂದು ಗೆರೆಗಳ ಮುಂದೆ ನಿಂತಾಗ ಜ್ವರದ ದಿನ ನೆನಪಾಯಿತು. ಆಕೆ ಅದೇ ರಾತ್ರಿ ಲಾಂದ್ರ ಹಿಡಿದು ಹೋಗಿ ಒಂದು ದಿನದ ಹಾಲಿನ ಹಣವನ್ನು ಹಿಂದಿರುಗಿಸಿ ಬಂದರು. ಜ್ವರದಿಂದ ಎದ್ದಿದ್ದ ಹುಡುಗ ಆಕೆಯ ಸೆರಗು ಹಿಡಿದು ಜೊತೆಗೆ ನಡೆದಿದ್ದ. "ತಪ್ಪು ನಮ್ಮ ಗೋಡೆಯದು ಅಂದಳು ನನ್ನವ್ವ" ಎಂದು ಸ್ವಾಮಿಗಳು ಕಥೆ ಮುಗಿಸಿದರು.

ಮೂರು ಸಲ ಹೇಳಿದ್ದ ಕಥೆಯ ಕೊನೆಯನ್ನು ನಾನು ಕೇಳಿದ್ದು ನಾಲ್ಕನೆಯ ಸಲ. ಆ ಮೂರು ಸಲವೂ ನಾನು ಮೌನವಾಗಿಯೇ ಇದ್ದೆನಲ್ಲ! ಪಾಪನಿವೇದನೆಯ ಪೀಠದಲ್ಲಿ ಮೂರು ದಶಕಗಳಿಂದ ಕುಳಿತವನು ನಾನು. ಸುಮ್ಮನಿರಬಲ್ಲವನು ಕೇಳಬಲ್ಲ ಎಂದೇ ನಂಬಿಕೊಂಡಿದ್ದೆ. ಎರಡರಲ್ಲಿಯೂ ಅಕ್ಷರಗಳು ಒಂದೇ ಇದ್ದಾವು. ಮನಸ್ಸು ನಿಂತ ಜಾಗ ಬೇರೆ.

ಹೊರಡುವಾಗ ಸಿಸ್ಟರ್ ಅವರನ್ನು ಹುಡುಕಿಕೊಂಡು ಅಡುಗೆಮನೆಯವರೆಗೆ ಹೋದೆ. "ಸಿಸ್ಟರ್, ಬೆಳಿಗ್ಗೆ ನಾನು ಹೇಳಿದ್ದು ಸರಿಯಲ್ಲ. ಲೆಕ್ಕ ತಪ್ಪಿದ್ದು ನನ್ನದು" ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, "ಆಗಲಿ ಫಾದರ್, ಊಟ ಮಾಡಿಕೊಂಡು ಹೋಗಿ" ಎಂದರು.

ಈಗ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತೇನೆ. ಸ್ವಾಮಿಗಳು ಹೊಸ ಪದಬಂಧ ಕಟ್ಟುವಷ್ಟು ಶಕ್ತರಾಗಿಲ್ಲ. ಕೆಲವು ದಿನ ನನಗೆ ನನ್ನ ಹೆಸರೇ ಸಿಗುತ್ತದೆ, ಕೆಲವು ದಿನ ಬೇರೆಯವರದು. ಹಾಲಿನ ಕಥೆ ಈಗ ಹನ್ನೊಂದು ಸಲವಾಗಿದೆ. ಕಳೆದ ಸಲ ಅದರಲ್ಲಿ ಲಾಂದ್ರದ ಗಾಜು ಒಡೆದಿತ್ತೆಂಬುದು ತಿಳಿದುಬಂತು.

ಓದುಗರೇ, ನಿಮ್ಮ ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಡಿ. ಇಂಗ್ಲಿಷಿನ 'ಹಾರ್ಟ್' ಪದದ ಅಕ್ಷರಗಳನ್ನೇ ಸ್ಥಳಾಂತರಿಸಿದರೆ 'ಅರ್ತ್', ಅಂದರೆ ಭೂಮಿ ಎಂಬ ಪದವಾಗುತ್ತದೆ. ಸುಮ್ಮನೆ ಕೂಡಿದರೆ ಎರಡೂ 52. ಸ್ಥಾನದಿಂದ ಗುಣಿಸಿ ಎಷ್ಟು ವ್ಯತ್ಯಾಸ ಬರುತ್ತದೆ ನೋಡಲಿ. ಉತ್ತರ ಸಿಕ್ಕ ಮೇಲೆ ಅದನ್ನು ಮನೆಯ ಮೂಲೆಯ ಕುರ್ಚಿಯಲ್ಲಿ ಕುಳಿತ ಅಜ್ಜನಿಗೋ ಅಜ್ಜಿಗೋ ಹೇಳಿ ಬರಲಿ. ಅವರು ಅದಕ್ಕೆ ಪ್ರತಿಯಾಗಿ ಹಳೆಯ ಕಥೆಯೊಂದನ್ನು ಆರಂಭಿಸಿದರೆ, ಮಕ್ಕಳನ್ನು ಅವಸರದಿಂದ ಒಳಗೆ ಕರೆಯಬೇಡಿ. ಸಾಧ್ಯವಾದರೆ ನೀವೂ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕುಳಿತುಕೊಳ್ಳಿ.